ನಮ್ಮನೆಯ ಮೂಕ ಟೀವಿ

ನಮ್ಮನೆಗೆ ಬಂದವರು ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಶಾರದಮ್ಮಾ, ನಿಮ್ಮ ಟೀವಿ ಸ್ಪೀಕರ್ ಹೋಗಿದೆಯಾ?" ಹೋಗಿಲ್ಲ ಸ್ವಾಮಿ. ಟೀವಿ ಗಟ್ಟಿಮುಟ್ಟಾಗಿದೆ. ಬಣ್ಣದ್ದು, ರಿಮೋಟ್ ಇರೋದು, ಕೇಬಲಿನವನು ಹೇಳುವಷ್ಟು ಚಾನೆಲ್ ಬರದಿದ್ದರೂ ನೋಡುವಷ್ಟು ಬರುತ್ತವೆ. ಆದರೆ ಟೀವಿ ಹಾಕಿದ ಕೂಡಲೇ ನನ್ನ ಹೆಬ್ಬೆರಳು ತಾನಾಗಿ ಸೌಂಡ್ ಇಳಿಸುವ ಗುಂಡಿಯ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಪರದೆಯೊಳಗಿನವರು ಎಷ್ಟಾದರೂ ಕಿರುಚಿಕೊಳ್ಳಲಿ, ನಾನು ಅವರೆಕಾಯಿ ಸುಲಿಯುತ್ತಾ ಆರಾಮಾಗಿ ನೋಡುತ್ತೇನೆ.

ಮೊನ್ನೆ ಭದ್ರಾವತಿಯ ಓಲ್ಡ್ ಟೌನಿನಿಂದ ನನ್ನ ನಾದಿನಿ ಬಂದಿದ್ದಳು. ಅರ್ಧ ಗಂಟೆ ಸುಮ್ಮನೆ ಕೂತವಳು ತಡೆಯಲಾರದೆ, "ಅತ್ತಿಗೆ, ಆ ಹುಡುಗಿ ಯಾಕೆ ಅಳ್ತಾ ಇದಾಳೆ ಅಂತಾದ್ರೂ ಹೇಳಿ" ಅಂದಳು. "ಕೊತ್ತಂಬರಿ ಸೊಪ್ಪು ತರೋದು ಮರೆತುಬಿಟ್ಲು, ಅತ್ತೆ ಬೈದ್ಲು" ಅಂದೆ. ನಾದಿನಿ ನನ್ನ ಮುಖ ನೋಡಿದಳು, ಟೀವಿ ನೋಡಿದಳು. ಅಲ್ಲಿ ಆ ಹುಡುಗಿ ಬಿಳಿ ಸೀರೆ ಉಟ್ಟು ಒಂದು ಫೋಟೋದ ಮುಂದೆ ಬಿದ್ದು ಹೊರಳಾಡುತ್ತಿದ್ದಳು. ಕೊತ್ತಂಬರಿ ಸೊಪ್ಪಿಗೆ ಅಷ್ಟೊಂದು ಅಳು ಸ್ವಲ್ಪ ಜಾಸ್ತಿಯಾಯಿತೇನೋ ಅಂತ ನನಗೂ ಅನ್ನಿಸಿತು. ಏನು ಮಾಡಲಿ, ಚಾಳಿ.

ಈ ಚಾಳಿ ಅಂಟಿದ್ದು ಎಂಟೊಂಬತ್ತು ವರ್ಷದ ಹಿಂದೆ. ಆಗ ನಾವು ಭದ್ರಾವತಿಯ ಜನ್ನಾಪುರದಲ್ಲಿ ಬಾಡಿಗೆಗಿದ್ದೆವು. ಒಂದು ಹಾಲು, ಒಂದು ರೂಮು, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದಂಥ ಅಡುಗೆಮನೆ. ರೂಮಿಗೂ ಹಾಲಿಗೂ ನಡುವೆ ಬಾಗಿಲಿರಲಿಲ್ಲ, ನನ್ನ ಹಳೇ ಸೀರೆಯ ಪರದೆ ಇತ್ತು. ನಾನು ಶಿವಮೊಗ್ಗದ ನವುಲೆ ಕಡೆ ಒಂದು ಆಫೀಸಿನಲ್ಲಿ ಟೈಪಿಸ್ಟು. ನಮ್ಮ ಯಜಮಾನರಿಗೆ ಶಿವಮೊಗ್ಗ ರೋಡಿನ ಒಂದು ಖಾಸಗಿ ಫೌಂಡ್ರಿಯಲ್ಲಿ ಕೆಲಸ. ಎರಕ ಹೊಯ್ದ ಕಬ್ಬಿಣದ ಅಂಚುಗಳನ್ನು ಮೆಷಿನ್ನಿಗೆ ಹಿಡಿದು ಉಜ್ಜಿ ಸಾಪು ಮಾಡೋದು. ಮಗಳು ವೀಣಾ ನಾಲ್ಕನೇ ಕ್ಲಾಸು, ಮಗ ಮಂಜು ಆಗಷ್ಟೇ ಒಂದನೇ ಕ್ಲಾಸು. ಇನ್ನು ಐದನೆಯವರಾಗಿ ಟೀವಿ.

ಆ ಟೀವಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ನನಗೆ ನಿದ್ದೆ ಬರೋದಿಲ್ಲ. ವರ್ಗವಾಗಿ ಊರು ಬಿಡುತ್ತಿದ್ದವರೊಬ್ಬರಿಂದ ಕೊಂಡ ಕಪ್ಪು ಬಿಳುಪಿನ ಟೀವಿ. ಮರದ ಪೆಟ್ಟಿಗೆ, ಎರಡೂ ಕಡೆಯಿಂದ ಎಳೆದು ಮುಚ್ಚುವ ಶಟರ್ ಬಾಗಿಲು, ಕೆಳಗೆ ನಾಲ್ಕು ಕಾಲು. ಕೈಗಾಡಿಯಲ್ಲಿ ಬಂದ ದಿನ ನಾನು ಅದಕ್ಕೆ ಆರತಿ ಎತ್ತಿ ಕುಂಕುಮ ಹಚ್ಚಿದೆ. ನಗಬೇಡಿ, ಸೊಸೆ ಬಂದರೆ ಎತ್ತುವುದಿಲ್ಲವೇ? ಅದರ ನೆತ್ತಿಗೆ ನಾನೇ ಕ್ರೋಶಾ ಹಾಕಿದ ಬಾತುಕೋಳಿ ಬಟ್ಟೆ. ಶುರುವಿನಲ್ಲಿ ಬಾತುಕೋಳಿ ಹಾಕಲು ಹೊರಟಿದ್ದು ನಿಜ, ಕೊನೆಗೆ ಅದು ಕೆಟಲ್ ಥರ ಬಂತು. ಬಂದವರೆಲ್ಲ ಕೆಟಲ್ ಚೆನ್ನಾಗಿದೆ ಅಂತಿದ್ದರು, ನಾನು ಹೂಂ ಅಂತಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ದಿನಗಳಲ್ಲಿ ಕರೆಂಟಿನ ಕಥೆ ನಿಮಗೆ ನೆನಪಿರಬಹುದು. ಹಗಲು ಸಣ್ಣ ಪುಟ್ಟ ಕಾರ್ಖಾನೆಗಳಿಗೆ ಕರೆಂಟೇ ಸಿಗುತ್ತಿರಲಿಲ್ಲ. ಹಾಗಾಗಿ ಮಂಜುವಿಗೆ ಮೂರು ತುಂಬುವ ಹೊತ್ತಿಗೆ ಇವರ ಫೌಂಡ್ರಿ ಪೂರ್ತಿ ರಾತ್ರಿ ಕೆಲಸಕ್ಕೆ ತಿರುಗಿತು. ಇವರು ಊಟ ಮಾಡಿ ಒಂಬತ್ತಕ್ಕೆ ಸೈಕಲ್ ಹತ್ತಿದರೆ ಬರೋದು ಬೆಳಗ್ಗೆ ಏಳಕ್ಕೆ. ರಾತ್ರಿ ಪಾಳಿಯವರ ನಿದ್ದೆ ಎರಡು ಕಂತಿನದು. ಬೆಳಗ್ಗೆ ಬಂದು ಮೂರೂವರೆ ತನಕ ಒಂದು, ಸಂಜೆ ಆರೂವರೆಯಿಂದ ಎಂಟೂವರೆ ತನಕ ಇನ್ನೊಂದು. ಲೆಕ್ಕ ಹಾಕಿ ನೋಡಿ, ಟೀವಿಯಲ್ಲಿ ನೋಡುವಂಥದ್ದೆಲ್ಲ ಬರುವುದೇ ಆ ಎರಡು ಹೊತ್ತಿನಲ್ಲಿ. ಭಾನುವಾರ ಬೆಳಗಿನ ದೇವರ ಧಾರಾವಾಹಿಗೂ ಇವರು ಪರದೆಯ ಹಿಂದೆ ಮಲಗಿರುತ್ತಿದ್ದರು.

ಸದ್ದು ಮಾಡಬೇಡಿ ಅಂತ ಇವರು ಒಂದು ದಿನವೂ ಹೇಳಿದವರಲ್ಲ. ಕಾಯಿದೆ ಮಾಡಿದವಳು ನಾನು. ನನ್ನ ತಲೆಗೆ ಹುಳ ಬಿಟ್ಟವಳು ಪಕ್ಕದ ಮನೆಯ ಸೆಲ್ವಿ ಅಕ್ಕ. ತಮಿಳು ಸೀಮೆಯಿಂದ ಅಜ್ಜನ ಕಾಲಕ್ಕೇ ಬಂದು ಇಲ್ಲಿ ನೆಲೆಸಿದವರು, ಮೂರು ತಲೆಮಾರು ಕಾರ್ಖಾನೆ ಅನ್ನ ತಿಂದವರು. ರಾತ್ರಿ ಪಾಳಿ ಶುರುವಾದ ವಾರವೇ ಕಾಂಪೌಂಡಿನ ಮೇಲಿಂದ ತಲೆ ಹಾಕಿ ಹೇಳಿದಳು. "ಶಾರದಾ, ನೋಡಮ್ಮಾ, ಹಗಲು ನಿದ್ದೆ ಕೆಟ್ಟ ಗಂಡಸು ರಾತ್ರಿ ಮೆಷಿನ್ ಮುಂದೆ ತೂಕಡಿಸ್ತಾನೆ. ನಮ್ಮ ಮಾವನ ಮೂರು ಬೆರಳು ಹೋಗಿದ್ದು ಹಂಗೇ. ಅತ್ತೆ ಆವತ್ತು ಒರಳಲ್ಲಿ ಹಿಟ್ಟು ರುಬ್ಬಿದ್ರು ಅಷ್ಟೇ."

ಅಷ್ಟೇ ಅಂದರೆ ಅಷ್ಟೇನಾ? ಅವತ್ತಿನಿಂದ ನಮ್ಮನೆಯಲ್ಲಿ ಸದ್ದಿಗೆ ಬಹಿಷ್ಕಾರ. ಕುಕ್ಕರ್ ಸೀಟಿ ಹೊಡೆಯುವುದರಿಂದ ಅಕ್ಕಿ ಬೇಳೆ ತುಂಬಿದ ಕುಕ್ಕರನ್ನು ಸೆಲ್ವಿ ಅಕ್ಕನ ಒಲೆಯ ಮೇಲೆ ಇಟ್ಟು ಬರುತ್ತಿದ್ದೆ. ನಮ್ಮನೆ ಅನ್ನ ಪಕ್ಕದ ಮನೆಯಲ್ಲಿ ಕೂಗುತ್ತಿತ್ತು. ಒಗ್ಗರಣೆಗೆ ಮಾತ್ರ ಮಾಫಿ, ಅದಿಲ್ಲದೆ ಸಾರು ಹೇಗೆ? ಬಕೆಟ್ಟಿನ ಹಿಡಿಗೆ ಬಟ್ಟೆ ಸುತ್ತಿದೆ. ಬಚ್ಚಲ ಬಾಗಿಲಿಗೆ ಹರಳೆಣ್ಣೆ ಬಿಟ್ಟೆ. ದಿನವಿಡೀ ಆಫೀಸಿನಲ್ಲಿ ಟೈಪ್‌ರೈಟರ್ ಕುಟ್ಟಿ ಕುಟ್ಟಿ ಊರಿಗೇ ಕೇಳುವಂತೆ ಸದ್ದು ಮಾಡುವವಳು ಮನೆಯೊಳಗೆ ಕಾಲಿಟ್ಟರೆ ಬೆಕ್ಕು. ಯಾರಾದರೂ ಕರೆದರೆ "ಓ" ಅನ್ನುವ ಹಾಗಿಲ್ಲ, ಎದ್ದು ಹೋಗಿ ಮೈ ಮುಟ್ಟಬೇಕು. ರೂಢಿಯಾಗಿ ಇವರು ಎದ್ದಿರುವಾಗಲೂ ಅದೇ ನಡೆಯುತ್ತಿತ್ತು. ಹಸಿವಾದರೆ ಹೊಟ್ಟೆಯ ಮೇಲೆ ಮುಷ್ಟಿ. ಅಮ್ಮ ಅಂದರೆ ಹಣೆ ಮುಟ್ಟೋದು, ಅಪ್ಪ ಅಂದರೆ ಮೀಸೆ ತಿರುವೋದು. ಬೇಡ ಅನ್ನೋದಕ್ಕೆ ಮಂಜು ತಾನೇ ಕಂಡುಹಿಡಿದದ್ದು ಮೂಗು ಹಿಂಡಿಕೊಳ್ಳೋದು. ಉಪ್ಪಿಟ್ಟು ಮಾಡಿದ ದಿನವೆಲ್ಲ ಅವನ ಮೂಗು ಕೆಂಪಗಿರುತ್ತಿತ್ತು.

ಆಂಟೆನಾ ತಿರುಗಿಸೋದು ಇನ್ನೊಂದು ಪಡಿಪಾಟಲು. ಎಲ್ಲರ ಮನೆಯಲ್ಲೂ "ಬಂತಾ?", "ಇಲ್ಲ, ಇನ್ನೂ ಸ್ವಲ್ಪ" ಅಂತ ಕೂಗಾಟ ನಡೆಯುತ್ತದೆ ತಾನೇ? ನಮ್ಮಲ್ಲಿ ಹಾಗೆ ಕೂಗುವಂತಿಲ್ಲವಲ್ಲ. ನಾನು ಸೆರಗು ಸಿಕ್ಕಿಸಿ ಮೇಲೆ ಹತ್ತಿ ಕೊಳವೆ ತಿರುಗಿಸಬೇಕು, ವೀಣಾ ಕಿಟಕಿಯಲ್ಲಿ ನಿಂತು ಚಿತ್ರ ಬಂದರೆ ಹಸಿರು ರಿಬ್ಬನ್, ಬರದಿದ್ದರೆ ಕೆಂಪು ರಿಬ್ಬನ್ ಆಡಿಸಬೇಕು. ಬೀದಿಯವರಿಗೆ ಇದು ಟೀವಿಗಿಂತ ಒಳ್ಳೇ ಮಜಾ. "ಶಾರದಮ್ಮಾ, ತಾಳಗುಪ್ಪ ರೈಲು ಬಿಡ್ತಾ ಇದೀರಾ?" ಅಂತ ಕೆಳಗಿನಿಂದ ಕೇಳಿದವರಿದ್ದಾರೆ. ನಾನು ಮೇಲಿನಿಂದಲೇ ಬಾಯಿಯ ಮೇಲೆ ಬೆರಳಿಟ್ಟು ಅವರನ್ನೂ ಸುಮ್ಮನಿರಿಸುತ್ತಿದ್ದೆ.

ಇಷ್ಟೆಲ್ಲ ಮಾಡಿದ ಮೇಲೆ ಟೀವಿ ಬಂದರೂ ಅದಕ್ಕೆ ಬಾಯಿಲ್ಲ. ಸೌಂಡಿನ ತಿರುಪು ಪೂರ್ತಿ ಎಡಕ್ಕೆ. ಆ ಕೊರತೆ ತುಂಬಿದವಳು ವೀಣಾ. ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಕಿವಿಯೊಳಗೆ ಪಿಸಪಿಸ ಅಂತ ಪರದೆಯ ಮೇಲಿದ್ದವರೆಲ್ಲರ ಮಾತನ್ನೂ ತಾನೇ ಹೇಳುತ್ತಿದ್ದಳು. ಕಿರೀಟ ಹಾಕಿದ ರಾಜ ಸಿಂಹಾಸನದಿಂದ ಎದ್ದು ಕೈ ಎತ್ತಿದರೆ, "ಎಲೈ ಸೇನಾಪತಿ, ನನ್ನ ಚಪ್ಪಲಿ ಯಾರು ಹಾಕ್ಕೊಂಡು ಹೋದ್ರು?" ವಾರ್ತೆ ಓದುವ ಹೆಂಗಸು ಗಂಭೀರವಾಗಿ ತಲೆ ಎತ್ತಿದರೆ, "ನಾಳೆ ಜನ್ನಾಪುರದ ಮಕ್ಕಳಿಗೆಲ್ಲ ರಜಾ." ಮಂಜು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ನಗುತ್ತಿದ್ದ, ಹೊಟ್ಟೆ ಮಾತ್ರ ಕುಣಿಯುತ್ತಿತ್ತು, ಸದ್ದಿಲ್ಲ. ನಾನು ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಾ ಅದನ್ನೇ ಕೇಳಿಸಿಕೊಳ್ಳುತ್ತಿದ್ದೆ. ಕೇಳಿ ಕೇಳಿ ಅದೇ ನಿಜ ಅನ್ನಿಸಿಬಿಡುತ್ತಿತ್ತು. ಒಮ್ಮೆ ಆಫೀಸಿನಲ್ಲಿ ಊಟದ ಹೊತ್ತಿಗೆ ಹಿಂದಿನ ದಿನದ ಧಾರಾವಾಹಿ ಮಾತು ಬಂದಾಗ ನಾನು ದೊಡ್ಡದಾಗಿ, "ಆ ಡಾಕ್ಟರ್ ಪಾಪ, ಅವನ ಎಮ್ಮೆ ಕಳೆದುಹೋಗಿದ್ದಕ್ಕೆ ಹಾಗೆ ಒದ್ದಾಡಿದ್ದು" ಅಂದುಬಿಟ್ಟೆ. ಡಬ್ಬಿ ಬಿಚ್ಚಿದ್ದವರೆಲ್ಲ ಕೈಯಲ್ಲಿನ ತುತ್ತು ಹಾಗೇ ಹಿಡಿದು ನೋಡಿದರು. ಅವತ್ತಿನಿಂದ ನನಗೆ ಎಮ್ಮೆ ಡಾಕ್ಟರ್ ಅಂತ ಹೆಸರಾಯಿತು.

ಹೀಗೆ ಹಾಯಾಗಿ ಇದ್ದೆವು. ಆ ವರ್ಷ ಆಗಸ್ಟೋ ಸೆಪ್ಟೆಂಬರೋ, ಒಂದು ಸಂಜೆ ನಾನು ಬಸ್ಸಿಳಿದು, ಅಂಗಡಿಯಲ್ಲಿ ಅರ್ಧ ಕೇಜಿ ರವೆ ಕಟ್ಟಿಸಿಕೊಂಡು ಮನೆಗೆ ಬಂದೆ. ಇವರು ಆಗಲೇ ಎರಡನೇ ಕಂತಿಗೆ ಮಲಗಿದ್ದರು. ಮಂಜು ಟೀವಿ ಮುಂದೆ. ವೀಣಾ ಬಂದು ನನ್ನ ಕೈ ಮುಟ್ಟಿ ಒಂದು ಚೀಟಿ ಕೊಟ್ಟಳು. ಮಂಜುವಿನ ಕ್ಲಾಸಿನ ಮಿಸ್ ಬರೆದದ್ದು. ದುಂಡಗಿನ ಅಕ್ಷರ.

"ನಿಮ್ಮ ಮಗ ತರಗತಿಯಲ್ಲಿ ಕರೆದರೆ ಉತ್ತರ ಕೊಡುವುದಿಲ್ಲ. ನಮ್ಮ ತುಟಿಗಳನ್ನೇ ನೋಡುತ್ತಿರುತ್ತಾನೆ. ಹಾಜರಿ ಕೂಗಿದರೆ ಎದ್ದು ಬಂದು ನನ್ನ ಕೈ ಮುಟ್ಟಿ ಹೋಗುತ್ತಾನೆ. ಬೇಕಾದ್ದನ್ನು ಸನ್ನೆಯಲ್ಲಿ ಕೇಳುತ್ತಾನೆ. ಕಿವಿ ಕೇಳಿಸುತ್ತಿಲ್ಲವೇನೋ ಎಂದು ಸಂಶಯ. ದಯವಿಟ್ಟು ಬೇಗ ತಜ್ಞರಿಗೆ ತೋರಿಸಿ."

ರವೆ ಪೊಟ್ಟಣ ಅಲ್ಲೇ ಇಟ್ಟು ಮೂರು ಸಲ ಓದಿದೆ. ನೀವು ಈಗ ನಗುತ್ತಿರಬಹುದು. ಇಷ್ಟು ಹೊತ್ತು ನಾನೇ ಬಾಯಾರೆ ಹೇಳಿದ ಕಥೆ, ಕಾರಣ ಕಣ್ಣೆದುರೇ ಇದೆ. ಆದರೆ ಹೆತ್ತವಳಿಗೆ ಹೆದರಿಕೆ ಬಂದಾಗ ಕಣ್ಣೆದುರಿನದು ಕಾಣುವುದಿಲ್ಲ. ವೀಣಾಳಿಗೆ ಹೀಗೆ ಆಗಿಲ್ಲವಲ್ಲ ಅಂತ ನನ್ನ ವಾದ. ಅವಳು ರಾತ್ರಿ ಪಾಳಿಗೆ ಮೊದಲೇ ಶಾಲೆಗೆ ಸೇರಿ ಮಾತಿನ ಮಲ್ಲಿಯಾದವಳು, ಇವನು ಬುದ್ಧಿ ಬಂದಾಗಿನಿಂದ ಸನ್ನೆಯಲ್ಲೇ ಬೆಳೆದವನು ಅನ್ನೋದು ನನಗೆ ಹೊಳೆಯಲೇ ಇಲ್ಲ. ಅವನು ಯಾವಾಗಲೂ ಟೀವಿಗೆ ಮೂಗು ತಾಗಿಸಿ ಕೂರುತ್ತಿದ್ದದ್ದು, ಮೆಲ್ಲಗೆ ಕರೆದರೆ ತಿರುಗದಿದ್ದದ್ದು, ಎಲ್ಲ ಸಾಲಾಗಿ ನೆನಪಾಯಿತು.

ಪರೀಕ್ಷೆ ಮಾಡೋಣ ಅಂದುಕೊಂಡೆ. ಹೇಗೆ ಮಾಡೋದು? ಬೆನ್ನ ಹಿಂದೆ ತಟ್ಟೆ ಬೀಳಿಸಬೇಕು, ಜೋರಾಗಿ ಹೆಸರು ಕೂಗಬೇಕು. ಪರದೆಯ ಆಚೆ ಇವರು ಮಲಗಿದ್ದಾರೆ! ಸೆಲ್ವಿ ಅಕ್ಕನ ಮಾವನ ಮೂರು ಬೆರಳು ಕಣ್ಣ ಮುಂದೆ ಬಂದವು. ಒಂದು ಕಡೆ ಮಗನ ಕಿವಿ, ಇನ್ನೊಂದು ಕಡೆ ಗಂಡನ ಬೆರಳು. ನಾನು ಮೆಲ್ಲಗೆ ಹೋಗಿ ಅವನ ಹಿಂದೆ ಕುಕ್ಕರಗಾಲಲ್ಲಿ ಕೂತು, ಉಸಿರಿನಷ್ಟೇ ಸಣ್ಣಗೆ, "ಮಂಜೂ, ಚಕ್ಕುಲಿ ಬೇಕಾ?" ಅಂದೆ.

ಹುಡುಗ ಅಲ್ಲಾಡಲಿಲ್ಲ.

ಇನ್ನೊಂದು ಸಲ ಅಂದೆ. ಊಹೂಂ. ಚಕ್ಕುಲಿ ಅಂದರೆ ನಿದ್ದೆಯಿಂದ ಎದ್ದು ಬರುವ ನನ್ನ ಮಗ! ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅಳುವುದನ್ನೂ ಸದ್ದಿಲ್ಲದೆ ಮಾಡುವ ಕರ್ಮ ನೋಡಿ.

ಇವರಿಗೆ ಆಗ ಹೇಳಲಿಲ್ಲ. ತಲೆಯಲ್ಲಿ ಇದನ್ನು ಇಟ್ಟುಕೊಂಡು ಮೆಷಿನ್ ಮುಂದೆ ನಿಲ್ಲುವುದು ಬೇಡ ಅಂತ. ಬೆಳಗ್ಗೆ ಬಂದು ಸೈಕಲ್ ಒರಗಿಸಿದ ಕೂಡಲೇ ಅಂಗಳದಲ್ಲೇ ಚೀಟಿ ಕೈಗೆ ಕೊಟ್ಟೆ. ಇವರು ಓದಿದರು. ಮತ್ತೊಮ್ಮೆ ಓದಿದರು. ಫೌಂಡ್ರಿಯ ಮಸಿ ಮೆತ್ತಿದ ಮುಖ ಬಿಳಿಚಿಕೊಂಡದ್ದು ಮಸಿಯ ಒಳಗಿನಿಂದಲೂ ಕಂಡಿತು. ನನ್ನ ಗಂಡ ಸುಲಭಕ್ಕೆ ಹೆದರುವವರಲ್ಲ. ಮನೆಯೊಳಗೆ ಹಾವು ಬಂದಾಗಲೂ "ಹೋಗುತ್ತೆ ಬಿಡು ಮಾರಾಯ್ತಿ" ಅಂದವರು. ಅವತ್ತು ಮೆಟ್ಟಿಲ ಮೇಲೆ ಕುಸಿದು ಕೂತು, "ನನ್ನಿಂದಾನೇ. ನನ್ನಿಂದಾನೇ ಬಂತು ಹುಡುಗನಿಗೆ" ಅಂದರು.

"ನಿಮ್ಮಿಂದ ಏನ್ರೀ ಬರೋದು? ಏಳಿ" ಅಂತ ನಾನು ಗದರಿಸಿದೆ. ತಾವು ಹಗಲೆಲ್ಲ ಮಲಗಿ ಹುಡುಗನನ್ನು ಗಮನಿಸಲಿಲ್ಲ ಅಂತ ಪಾಪ ನೊಂದುಕೊಂಡರು ಅಂತ ನನ್ನ ತಿಳಿವಳಿಕೆ.

ಸ್ನಾನ ಮಾಡಿದ್ದೇ ತಡ, ನಿದ್ದೆ ಬಿಟ್ಟು ಹೊರಟೇಬಿಟ್ಟರು. ವೀಣಾಳನ್ನು ಶಾಲೆಗೆ ಕಳಿಸಲು ಸೆಲ್ವಿ ಅಕ್ಕನಿಗೆ ಒಪ್ಪಿಸಿ, ಪಕ್ಕದ ಅಂಗಡಿಯಿಂದ ಆಫೀಸಿಗೆ ಫೋನ್ ಮಾಡಿ, ಮೂವರೂ ಶಿವಮೊಗ್ಗದ ಬಸ್ಸು ಹತ್ತಿದೆವು. ಮಂಜುವಿಗೆ ಕಿಟಕಿ ಪಕ್ಕ. ದಾರಿಯುದ್ದಕ್ಕೂ ಅವನು ಮುಖ ಹೊರಗೆ ಹಾಕಿ ನೋಡುತ್ತಿದ್ದ. ನಾನು ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತೆ. ನನ್ನ ಕಿವಿ ತಗೊಂಡು ಅವನಿಗೆ ಕೊಡಿ, ನಾನು ಹೇಗೋ ಟೈಪ್ ಮಾಡ್ಕೋತೀನಿ ಅಂತ ಕೂಡ ಬೇಡಿಕೊಂಡೆ.

ದುರ್ಗಿಗುಡಿಯಲ್ಲಿ ಒಬ್ಬ ಕಿವಿ ಡಾಕ್ಟರು. ವಯಸ್ಸಾದವರು, ಮಾತು ಮೆತ್ತಗೆ. ಮಂಜುವಿನ ಕಿವಿಗೆ ದೀಪ ಹಿಡಿದು ನೋಡಿ ಒಳಗೆ ಏನೂ ತೊಂದರೆ ಕಾಣಿಸೋದಿಲ್ಲ, ಮೆಷಿನ್ನಿನಲ್ಲಿ ನೋಡಿಬಿಡೋಣ ಅಂದರು. ಒಳಗೆ ಗಾಜಿನ ಕಿಟಕಿ ಇರುವ ಒಂದು ಸಣ್ಣ ಗೂಡು. ಅಲ್ಲಿ ಕೂತು ಕಿವಿಗೆ ದಪ್ಪದೊಂದು ಹೆಡ್‌ಫೋನ್ ಹಾಕಿಕೊಳ್ಳಬೇಕು. ಹೊರಗೆ ಒಬ್ಬಳು ಹುಡುಗಿ ಮೆಷಿನ್ ತಿರುಗಿಸುತ್ತಾಳೆ. ಕುಂಯ್ ಅಂತ ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು. ಮಂಜು ಆ ಗೂಡು ನೋಡಿದವನೇ ಮೂಗು ಹಿಂಡಿಕೊಂಡ. ನನ್ನ ಸೀರೆ ಹಿಡಿದು ಜಗ್ಗಿದ. ಬೇಡ ಅಂದರೆ ಬೇಡ.

"ಏ ಮಂಜಾ, ನೋಡು, ಮೊದಲು ನಾನು ಕೂರ್ತೀನಿ" ಅಂತ ಇವರು ಎಂದಿನ ದೊಡ್ಡ ಗಂಟಲಲ್ಲಿ ಹೇಳಿ ಗೂಡಿನೊಳಗೆ ಹೋಗಿ ಕೂತರು. ಹೆಡ್‌ಫೋನ್ ಹಾಕಿಕೊಂಡು ಮಗನಿಗೆ ಕಣ್ಣು ಹೊಡೆದರು. ಹುಡುಗಿ ಮೆಷಿನ್ ತಿರುಗಿಸಿದಳು. ಇವರ ಬೆರಳು ಎದ್ದಿತು. ಇನ್ನೊಮ್ಮೆ ಎದ್ದಿತು. ಆಮೇಲೆ ಹುಡುಗಿ ತಿರುಗಿಸುತ್ತಲೇ ಇದ್ದಳು, ಬೆರಳು ಮಂಡಿಯ ಮೇಲೆ ಹಾಗೇ ಇತ್ತು. ರಾತ್ರಿಯಿಡೀ ನಿದ್ದೆಯಿಲ್ಲ, ತೂಕಡಿಕೆ ಬಂದಿರಬೇಕು ಅಂದುಕೊಂಡೆ. ಕಣ್ಣು ಮಾತ್ರ ತೆರೆದೇ ಇತ್ತು. ಹುಡುಗಿ ಒಂದು ಹಾಳೆಯಲ್ಲಿ ಏನೋ ಗೆರೆ ಎಳೆದು ಸುಮ್ಮನಾದಳು. ನನಗೆ ಆಗ ಇವರ ಕಡೆ ಗಮನವೇ ಇಲ್ಲ, ಮಂಜುವನ್ನು ಒಳಗೆ ತಳ್ಳುವುದೊಂದೇ ಚಿಂತೆ.

ಅಪ್ಪ ಕೂತದ್ದು ನೋಡಿ ಅವನೂ ಹೋಗಿ ಕೂತ. ನಾನು ಗಾಜಿಗೆ ಹಣೆ ಒತ್ತಿ ನಿಂತೆ. ಹುಡುಗಿ ಮೆಷಿನ್ ಮುಟ್ಟಿದಳು. ಬೆರಳು ಎದ್ದಿತು. ಸದ್ದು ಇನ್ನೂ ಸಣ್ಣದು ಮಾಡಿದಳಂತೆ. ಎದ್ದಿತು. ಇನ್ನೂ ಸಣ್ಣದು. ಎದ್ದಿತು. ಎಡಗಿವಿ, ಬಲಗಿವಿ, ದಪ್ಪ ಸದ್ದು, ಕೀರಲು ಸದ್ದು, ಎಲ್ಲದಕ್ಕೂ ಆ ಪುಟ್ಟ ಬೆರಳು ಟಕ್ಕಂತ ಎದ್ದಿತು. ಹುಡುಗಿಗೇ ನಗು ಬಂತು. "ಅಮ್ಮಾ, ಇವನಿಗೆ ಇರುವೆ ನಡೆದರೂ ಕೇಳಿಸುತ್ತೆ" ಅಂದಳು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೋದ ಜೀವ ಬಂತು ಅಂತಾರಲ್ಲ, ಅದು ಎಲ್ಲಿಂದ ಬರುತ್ತೆ ಅಂತ ಅವತ್ತು ಗೊತ್ತಾಯಿತು, ಕಾಲಿನಿಂದ ಬರುತ್ತೆ. ಅಳು, ನಗು ಎರಡೂ ಒಟ್ಟಿಗೇ ಬಂದು ಯಾವುದನ್ನು ಮೊದಲು ಮಾಡಲಿ ಅಂತ ತಿಳಿಯದೆ ಬಿಕ್ಕಳಿಕೆ ಶುರುವಾಯಿತು. ಕಾಂಪೌಂಡರ್ ನೀರು ತಂದುಕೊಟ್ಟ.

ಡಾಕ್ಟರು ಮಂಜುವನ್ನು ಮೇಜಿನ ಮೇಲೆ ಕೂರಿಸಿಕೊಂಡು ಕೇಳಿದರು. "ಅಲ್ಲಪ್ಪಾ, ಮಿಸ್ ಕರೆದ್ರೆ ಯಾಕೆ ಮಾತಾಡಲ್ಲ?"

ಅವನು ನನ್ನ ಕಡೆ ನೋಡಿ ಮಾತಾಡಲಾ ಅಂತ ಹುಬ್ಬಿನಲ್ಲೇ ಕೇಳಿದ. "ಬಾಯಿ ಬಿಟ್ಟು ಹೇಳೋ ನನ್ನಪ್ಪಾ" ಅಂದೆ.

"ಒಳಗಡೆ ಮಾತಾಡಬಾರದು" ಅಂದ ಸ್ಪಷ್ಟವಾಗಿ. "ಗೋಡೆ ಇರೋ ಕಡೆ ಮಾತಾಡಬಾರದು. ಯಾರಾದ್ರೂ ಮಲಗಿರ್ತಾರೆ."

"ಸ್ಕೂಲಲ್ಲಿ ಯಾರೋ ಮಲಗಿರ್ತಾರೆ?"

"ಹೆಡ್‌ಮೇಷ್ಟ್ರು."

ಡಾಕ್ಟರು ನಕ್ಕ ರಭಸಕ್ಕೆ ಕನ್ನಡಕ ಮೂಗಿನಿಂದ ಜಾರಿತು. ನಾನು ಬಿಡಲಿಲ್ಲ. "ಮತ್ತೆ ನಿನ್ನೆ ಚಕ್ಕುಲಿ ಬೇಕಾ ಅಂದಾಗ ಯಾಕೋ ತಿರುಗಲಿಲ್ಲ?" ಮಂಜು ನನ್ನನ್ನು ಕನಿಕರದಿಂದ ನೋಡಿದ. "ನೀನು ಸುಳ್ಳು ಹೇಳಿದ್ದೆ ಅಲ್ವಾ? ಡಬ್ಬಿ ಮುಚ್ಚಳದ ಸದ್ದೇ ಬರಲಿಲ್ಲ." ಹೌದು, ಚಕ್ಕುಲಿ ಖಾಲಿಯಾಗಿ ವಾರವಾಗಿತ್ತು. ಡಾಕ್ಟರ ಮುಂದೆ ನನ್ನ ಮಾನ ಹೋಯಿತು. ಹೋಗಲಿ ಬಿಡಿ, ಇನ್ನೂ ಹತ್ತು ಸಲ ಹೋದರೂ ಅವತ್ತು ನನಗೆ ಬೇಜಾರಿರಲಿಲ್ಲ.

ನಾವು ಏಳುವಾಗ ಡಾಕ್ಟರು ಇವರನ್ನು ಕೂರಲು ಹೇಳಿದರು. ಕೈಯಲ್ಲಿ ಹುಡುಗಿ ಗೆರೆ ಎಳೆದ ಹಾಳೆ ಇತ್ತು. ಈ ಸಲ ಅವರ ಮಾತು ಮೆತ್ತಗಿರಲಿಲ್ಲ, ಇವರ ಮುಖಕ್ಕೆ ನೇರವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು. "ಮಗಂದು ಸರಿಯಾಗಿದೆ. ನಿಮ್ಮ ಕಿವಿ ಮೆಷಿನ್ ಗದ್ದಲಕ್ಕೆ ಅರ್ಧ ಹೋಗಿದೆ. ಇದು ಮಕ್ಕಳಿಗೆ ಬರೋ ಅಂಥದ್ದಲ್ಲ, ಹೆದರಬೇಡಿ. ಇರೋದನ್ನ ಉಳಿಸ್ಕೊಳ್ಳಿ. ಆ ಜಾಗ ಬಿಟ್ಟು ಬೇರೆ ಕೆಲಸ ಕೇಳಿ, ಚೀಟಿ ನಾನು ಬರ್ಕೊಡ್ತೀನಿ." ಚೀಟಿ ಬರೆದುಕೊಟ್ಟರು. ಅದರಿಂದಲೇ ಮುಂದೆ ಇವರಿಗೆ ಅದೇ ಫೌಂಡ್ರಿಯ ಸ್ಟೋರಿನಲ್ಲಿ, ಹಗಲು ಹೊತ್ತಿನಲ್ಲಿ, ಸಾಮಾನು ಬರೆದುಕೊಳ್ಳುವ ಕೆಲಸ ಸಿಕ್ಕಿದ್ದು. ಆದರೆ ಆ ಕ್ಷಣ ನಾನು ಬೆಪ್ಪಾಗಿ ನಿಂತಿದ್ದೆ. ಮೂರು ವರ್ಷ! ಬಕೆಟ್ ಹಿಡಿಗೆ ಬಟ್ಟೆ, ಬಾಗಿಲಿಗೆ ಹರಳೆಣ್ಣೆ, ಪಕ್ಕದ ಮನೆಯಲ್ಲಿ ಕುಕ್ಕರ್. ಬ್ಯಾಂಡ್ ಸೆಟ್ ತಂದು ಪರದೆಯ ಪಕ್ಕ ಬಾರಿಸಿದ್ದರೂ ಈ ಮಹಾರಾಯರು ಮಗ್ಗಲು ಬದಲಾಯಿಸುತ್ತಿರಲಿಲ್ಲವೇನೋ!

ಹೊರಗೆ ಬಂದು ಹತ್ತಿರದ ಹೋಟೆಲಿಗೆ ಹೋದೆವು. ಬೆಳಗಿನಿಂದ ಮೂವರ ಹೊಟ್ಟೆಯಲ್ಲೂ ಏನಿರಲಿಲ್ಲ. ಮಂಜು ಮಸಾಲೆ ದೋಸೆ ಬೇಕು ಅಂತ ಬಾಯಿ ಬಿಟ್ಟು, ಗೋಡೆ ಇರುವ ಕಡೆಯಲ್ಲೇ, ಎರಡು ಸಲ ಹೇಳಿದ. ಎರಡು ಸಲವೂ ನನಗೆ ಕಣ್ಣು ತುಂಬಿತು.

ದೋಸೆ ಬಂದ ಮೇಲೆ ಇವರ ಮುಖಕ್ಕೆ ನೇರ ಕೂತು ಕೇಳಿದೆ. "ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಎರಡು ವರ್ಷ ಆಯ್ತು. ಅದಕ್ಕೇ ಬೆಳಗ್ಗೆ ಚೀಟಿ ನೋಡಿ ಜೀವ ಹೋಯ್ತು, ನಂದೇ ಹುಡುಗನಿಗೂ ಬಂತಲ್ಲಪ್ಪಾ ಅಂತ."

"ಎರಡು ವರ್ಷ! ಒಂದು ಮಾತು ಹೇಳೋದಲ್ವಾ ನನಗೆ?"

ಇವರು ದೋಸೆ ಮುರಿಯುವುದು ನಿಲ್ಲಿಸಿ ನನ್ನನ್ನೇ ನೋಡಿದರು. ನಿಜವಾಗಿ ಆಶ್ಚರ್ಯಪಟ್ಟವರ ಹಾಗೆ.

"ನಿಂಗೇನು ಹೇಳೋದು ಮಾರಾಯ್ತಿ? ನಿಮಗೆಲ್ಲ ಗೊತ್ತಿತ್ತಲ್ಲ. ಹೆಂಡ್ತಿ ಬಾಯಲ್ಲಿ ಕರೆಯೋದು ಬಿಟ್ಟು ಬಂದು ಕೈ ಮುಟ್ಟಿ ಹೇಳ್ತಾಳೆ. ಮಕ್ಕಳಿಗೆ ಸನ್ನೆ ಕಲಿಸಿದಾಳೆ. ನನಗೆ ಕೇಳಿಸಲ್ಲ ಅಂತ ಟೀವಿ ಸೌಂಡ್ ಕೂಡ ತೆಗೆದುಬಿಟ್ಟಿದಾಳೆ. ಬೇರೆಯವರ ಮನೇಲಿ ಆಗಿದ್ರೆ ಕಿವುಡ ಕಿವುಡ ಅಂತ ಆಡ್ಕೊಳೋರು. ಫೌಂಡ್ರೀಲಿ ಎಲ್ಲರಿಗೂ ಹೇಳ್ತೀನಿ ನಾನು, ನನಗೆ ಕೇಳಿಸದೇ ಇರೋದನ್ನ ನಮ್ಮನೇಲಿ ಯಾರೂ ಕೇಳಿಸ್ಕೊಳಲ್ಲ ಅಂತ." ತಮ್ಮ ದೋಸೆಯ ಆಲೂಗಡ್ಡೆಯನ್ನೆಲ್ಲ ನನ್ನ ತಟ್ಟೆಗೆ ಸರಿಸಿದರು. "ಅದಕ್ಕೇ ಅಲ್ವಾ ನೀನು ಹಾಗೆ ಮಾಡಿದ್ದು?"

ಮಂಜು ಚಟ್ನಿ ನೆಕ್ಕುವುದು ಬಿಟ್ಟು, ಏನೋ ಹೇಳಬೇಕು ಅಂತ ಬಾಯಿ ತೆರೆದ. ಮೇಜಿನ ಕೆಳಗೆ ಅವನ ತೊಡೆ ಅದುಮಿದೆ. ಆಮೇಲೆ ಮೂರು ವರ್ಷದಿಂದ ಹಿಡಿದಿಟ್ಟಿದ್ದ ಗಂಟಲನ್ನೆಲ್ಲ ಒಟ್ಟುಮಾಡಿ, ನನ್ನ ಗಂಡನ ಎರಡೂ ಕಿವಿಗೆ ಚೆನ್ನಾಗಿ ಕೇಳಿಸಲಿ ಅಂತ, ಹೋಟೆಲಿನ ಅಷ್ಟೂ ಜನ ತಿರುಗಿ ನೋಡುವ ಹಾಗೆ ಕೂಗಿ ಹೇಳಿದೆ.

"ಹೌದ್ರೀ, ಅದಕ್ಕೇ!"